ಪೊರೆ ಆಪರೇಷನ್ ಆದವರಿಗೆ ಆ ನೆರಳಿನ ಬಗ್ಗೆ ಮೊದಲೇ ಹೇಳಿ

ಸಂಪಾದಕರೇ,

ಎರಡು ತಿಂಗಳ ಹಿಂದೆ ನನ್ನ ಬಲಗಣ್ಣಿನ ಪೊರೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಸಣ್ಣ ಅಕ್ಷರವೂ ಕಂಡಿತು. ಗೋಡೆಯ ಸುಣ್ಣ ನೀಲಿ ಹಾಕಿ ಒಗೆದ ಪಂಚೆಯ ಹಾಗೆ ಹೊಳೆಯುತ್ತಿತ್ತು. ಆದರೆ ಕಿವಿಯ ಕಡೆ ಕಣ್ಣಂಚಿನಲ್ಲಿ ಬಿದಿಗೆ ಚಂದ್ರನಂತೆ ಬಾಗಿದ ಕಪ್ಪು ನೆರಳು. ಯಾರೋ ಪಕ್ಕದಲ್ಲಿ ನಿಂತಿದ್ದಾರೆ ಅಂತ ದಿನಕ್ಕೆ ಎಷ್ಟು ಸಲ ತಿರುಗಿ ನೋಡುತ್ತಿದ್ದೆನೋ. ರಾತ್ರಿ ಎದುರಿಗೆ ಬೈಕ್ ಬಂದರೆ ಹೆಡ್‌ಲೈಟ್ ಗೆರೆ ಗೆರೆಯಾಗಿ ಚೆಲ್ಲುತ್ತಿತ್ತು.

ತಪಾಸಣೆಗೆ ಹೋದಾಗ ಹೇಳಿದೆ. "6/6 ಕಾಣ್ತಿದೆಯಲ್ಲ, ಸುಮ್ನೆ ಯೋಚನೆ ಮಾಡ್ಬೇಡಿ" ಅಂದರು. ಅಷ್ಟೇ! ಮನೆಯ ಹಿರಿಯರನ್ನು ಕೇಳೋಣ ಅಂದರೆ, ಅವರು ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪಿನ ಕಾಲದವರು, ಆಗ ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು, ಕಣ್ಣೊಳಗೆ ಲೆನ್ಸ್ ಇಡುತ್ತಿರಲಿಲ್ಲ. ಮೂರು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕೊನೆಗೆ ಬೇರೆ ಊರಿನ ವೈದ್ಯೆಯೊಬ್ಬರು ಹತ್ತು ನಿಮಿಷ ಕೂತು ಬಿಡಿಸಿ ಹೇಳಿದರು. ಒಳಗಿಟ್ಟ ಲೆನ್ಸಿನ ಮಧ್ಯಭಾಗ ಸುಮಾರು 6 ಮಿಲಿಮೀಟರ್, ನಮ್ಮ ಹುಟ್ಟು ಲೆನ್ಸಿಗಿಂತ ಚಿಕ್ಕದು. ಅದರ ಹಿಂದೆ ಮತ್ತೆ ಪೊರೆ ಬೇಗ ಬೆಳೆಯದಿರಲಿ ಅಂತ ಅಂಚನ್ನು ಚೂಪಾಗಿ ಮಾಡಿರುತ್ತಾರೆ. ಪಕ್ಕದಿಂದ ಬರುವ ಬೆಳಕು ಆ ಅಂಚಿಗೆ ತಾಗಿದರೆ ಗೆರೆ ಕಾಣುತ್ತದೆ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಒಂದು ಪಟ್ಟಿಗೆ ಬೆಳಕು ತಲುಪದೇ ಹೋದರೆ ನೆರಳು. ಇದಕ್ಕೆ ಡಿಸ್‌ಫೋಟಾಪ್ಸಿಯಾ ಅಂತ ಹೆಸರೇ ಇದೆಯಂತೆ! ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಮಿದುಳು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ದಪ್ಪ ಕಡ್ಡಿಯ ಕನ್ನಡಕ ಹಾಕಿ ನೋಡಿ ಅಂದರು, ಹಾಕಿದೆ, ನೆರಳು ಅರ್ಧ ತಿಳಿಯಾಯಿತು. ರಾತ್ರಿ ಸ್ಕೂಟರ್ ಓಡಿಸುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಲೇಸರ್ ಮಾಡಿಸಿಬಿಡಲಾ ಎಂದು ಕೇಳಿದ್ದಕ್ಕೆ ಬೇಡ ಅಂದರು. ಅದು ಲೆನ್ಸಿನ ಹಿಂದಿನ ಪದರ ಮಂಜಾದವರಿಗೆ. ಒಮ್ಮೆ ಆ ಪದರಕ್ಕೆ ತೂತು ಮಾಡಿದರೆ ಮುಂದೆ ಲೆನ್ಸ್ ಬದಲಿಸುವುದು ಕಷ್ಟವಂತೆ.

ಆದರೆ ಎಲ್ಲ ನೆರಳೂ ಒಂದೇ ಅಲ್ಲ. ನನ್ನದು ಮೊದಲ ದಿನದಿಂದ ಒಂದೇ ಜಾಗದಲ್ಲಿ ಇತ್ತು. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಆಪರೇಷನ್ ಆಗಿ ಎಷ್ಟೋ ತಿಂಗಳ ಮೇಲೆ ಇದ್ದಕ್ಕಿದ್ದಂತೆ ಮಿಂಚು, ಸೊಳ್ಳೆ ಹಾರಿದ ಹಾಗೆ ಚುಕ್ಕೆ, ಆಮೇಲೆ ಪಕ್ಕದಿಂದ ಪರದೆ ಎಳೆದ ಹಾಗೆ ಕತ್ತಲೆ. ಎಲ್ಲರಿಗೂ ಆಗುತ್ತದೆ ಅಂದುಕೊಂಡು ಹತ್ತು ದಿನ ಕಾದರು. ರೆಟಿನಾ ಕಿತ್ತುಬಂದಿತ್ತು. ಇಂಥದ್ದು ಕಂಡರೆ, ಅಥವಾ ನೋವು, ಕೆಂಪು ಜಾಸ್ತಿಯಾಗಿ ದೃಷ್ಟಿ ಇಳಿದರೆ, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಓಡಬೇಕು.

ಡ್ರಾಪ್ಸ್ ಹಾಕುವ ಚೀಟಿ ಕೊಡುತ್ತಾರಲ್ವಾ, ಅದರ ಹಿಂದೆಯೇ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ: ಯಾವುದಕ್ಕೆ ತಾಳ್ಮೆ ಸಾಕು, ಯಾವುದಕ್ಕೆ ಒಂದು ದಿನವೂ ತಡ ಮಾಡಬಾರದು. ಓದಲು ಬಾರದವರಿಗೆ ನರ್ಸ್ ಒಮ್ಮೆ ಓದಿ ಹೇಳಲಿ. ಮುಂದಿನ ತಿಂಗಳು ನನ್ನ ಎಡಗಣ್ಣಿನ ಸರದಿ. ಈ ಸಲ ಕೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

– ಒಬ್ಬ ನಿವೃತ್ತ ಶಿಕ್ಷಕ, ಹಾಸನ