ದಪ್ಪ ಪುಸ್ತಕದಿಂದ ಶುರು ಮಾಡಿಸಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಭಯದ ಕಥೆಗಳಿಗೆ ಹೆಸರಾದ ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಅವರ ಪುಸ್ತಕಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅಂತ ಒಂದು ಬರಹ ಬಂದಿತ್ತು. ಮೊದಲ ಪುಸ್ತಕದಿಂದ ಶುರು ಮಾಡಿ ವರ್ಷದ ಪ್ರಕಾರ ಓದುತ್ತಾ ಹೋಗಿ, ಅಷ್ಟು ಪುರುಸೊತ್ತು ಇಲ್ಲದಿದ್ದರೆ 'ಇಟ್' ಒಂದನ್ನು ಓದಿ, ಸಾಕು ಅಂತ ಸಲಹೆ. ಬರೆದವರು ಪ್ರೀತಿಯಿಂದಲೇ ಬರೆದಿದ್ದಾರೆ, ಅನುಮಾನ ಇಲ್ಲ. ಆದರೆ ಎರಡೂ ಸಲಹೆ ಸರಿ ಇಲ್ಲ. ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷದಿಂದ ಶಿವಮೊಗ್ಗದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ, ಯಾರು ಯಾವ ಪುಸ್ತಕವನ್ನು ಎಷ್ಟನೇ ಪುಟದಲ್ಲಿ ಕೈಬಿಟ್ಟರು ಅನ್ನೋದು ನನಗೆ ಗೊತ್ತಾಗುತ್ತೆ.

ಹೇಗೆ ಅಂತೀರಾ? 'ಇಟ್' ಬಂದಿದ್ದು 1986ರಲ್ಲಿ. ಸಾವಿರದ ನೂರು ಪುಟಕ್ಕೂ ಜಾಸ್ತಿ, ಎದೆ ಮೇಲೆ ಇಟ್ಟುಕೊಂಡು ಓದಿದರೆ ಉಸಿರು ಕಟ್ಟುತ್ತೆ. ನನ್ನ ಹತ್ತಿರ ಇರುವ ಪ್ರತಿಯ ಬೆನ್ನು ಮೊದಲ ನೂರು ಪುಟದಷ್ಟು ಜಾಗದಲ್ಲಿ ಮಾತ್ರ ಬಿರುಕು ಬಿಟ್ಟು ಬೆಳ್ಳಗಾಗಿದೆ. ಅಲ್ಲಿಂದ ಮುಂದೆ ಹೊಸ ಪುಸ್ತಕದ ಹಾಗೆ ನುಣ್ಣಗಿದೆ. 2017ರಲ್ಲಿ ಸಿನಿಮಾ ಬಂದಾಗ ಕಾಲೇಜು ಹುಡುಗರು ಒಬ್ಬರಾದ ಮೇಲೊಬ್ಬರು ತೆಗೆದುಕೊಂಡು ಹೋದರು, ಒಬ್ಬರಾದ ಮೇಲೊಬ್ಬರು ವಾಪಸ್ ತಂದರು. 84ನೇ ಪುಟದಲ್ಲಿ ಸಾಗರದ ಬಸ್ ಟಿಕೆಟ್ ಒಂದು ಇನ್ನೂ ಹಾಗೇ ಇದೆ. ಅದು ಕೆಟ್ಟ ಪುಸ್ತಕ ಅಂತ ನಾನು ಹೇಳುತ್ತಿಲ್ಲ. ಏಳು ಜನ ಮಕ್ಕಳು, ಅವರೇ ದೊಡ್ಡವರಾದ ಮೇಲಿನ ಕಥೆ, ಮಧ್ಯೆ ಮಧ್ಯೆ ಡೆರ್ರಿ ಅನ್ನೋ ಊರಿನ ಹಳೇ ಪುರಾಣ, ಇಷ್ಟನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕಾದರೆ ಬರೆದವನ ಮೇಲೆ ಮೊದಲು ನಂಬಿಕೆ ಹುಟ್ಟಿರಬೇಕು. ಆ ನಂಬಿಕೆ ಬೇರೆ ಎಲ್ಲಾದರೂ ಹುಟ್ಟಿಸಿ ಆಮೇಲೆ ಇದನ್ನು ಕೊಡಬೇಕು.

ಇನ್ನು ವರ್ಷದ ಪ್ರಕಾರ ಓದೋದು. 1974ರಿಂದ ಇವತ್ತಿನವರೆಗೆ ಅರವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ ಇವರು. ಅದು ಸಾಲದು ಅಂತ ರಿಚರ್ಡ್ ಬ್ಯಾಕ್‌ಮನ್ ಅನ್ನೋ ಕಳ್ಳ ಹೆಸರಲ್ಲಿ ಬೇರೆ ಬರೆದರು, 1985ರಲ್ಲಿ ಸಿಕ್ಕಿಬಿದ್ದರು. ಸಾಲಾಗಿ ಓದಿ ಮುಗಿಸುವಷ್ಟರಲ್ಲಿ ನಮ್ಮ ಮಕ್ಕಳ ಮದುವೆ ಆಗಿರುತ್ತೆ. ನಿಜವಾಗಿ ಸಾಲು ಬೇಕಾಗಿದ್ದು ಕೆಲವಕ್ಕೆ ಮಾತ್ರ. 'ದಿ ಡಾರ್ಕ್ ಟವರ್' ಸರಣಿಯನ್ನು ಮಧ್ಯದಿಂದ ಹಿಡಿದರೆ ತಲೆಬುಡ ಗೊತ್ತಾಗಲ್ಲ. 'ಡಾಕ್ಟರ್ ಸ್ಲೀಪ್'ಗೆ ಮೊದಲು 'ದಿ ಶೈನಿಂಗ್' ಓದಿರಬೇಕು. 'ಮಿಸ್ಟರ್ ಮರ್ಸಿಡಿಸ್' ಶುರು ಮಾಡಿದರೆ ಅದರ ಮುಂದಿನ ಎರಡನ್ನೂ ಅದೇ ಕ್ರಮದಲ್ಲಿ ಓದಿ. ಉಳಿದಿದ್ದರಲ್ಲಿ ಒಂದು ಪುಸ್ತಕದ ಊರು ಇನ್ನೊಂದರಲ್ಲಿ ಇಣುಕುತ್ತೆ, ಅಷ್ಟೇ. 'ಮಿಸರಿ' ನಡೆಯೋದು ಸೈಡ್‌ವೈಂಡರ್ ಅನ್ನೋ ಊರಿನ ಹತ್ತಿರ, 'ದಿ ಶೈನಿಂಗ್' ಹೋಟೆಲಿಗೆ ಹತ್ತಿರದ ಊರೂ ಅದೇ. ಗಮನಿಸಿದವರಿಗೆ ಒಂದು ಖುಷಿ, ಗಮನಿಸದಿದ್ದರೆ ನಷ್ಟ ಏನಿಲ್ಲ.

ನಾನು ಮಾಡೋದು ಬೇರೆ. ಕಿಂಗ್ ಪುಸ್ತಕ ಕೇಳಿ ಬಂದವರಿಗೆ ನಿಮಗೆ ಯಾವುದಕ್ಕೆ ಭಯ ಅಂತ ಕೇಳುತ್ತೇನೆ. ಮೊದಲು ನಗುತ್ತಾರೆ. ದೆವ್ವಕ್ಕೆ ಅಂತಾರೆ. ಯಂಡಮೂರಿಯವರ 'ತುಳಸಿದಳ' ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ ವಯಸ್ಸಿನವರಂತೂ ಮಾಟ ಮಂತ್ರ ಇದೆಯಾ ಅಂತಲೇ ಕೇಳುತ್ತಾರೆ. ಸ್ವಲ್ಪ ಹೊತ್ತು ಮಾತಾಡಿಸಿದರೆ ನಿಜವಾದ ಭಯ ಹೊರಗೆ ಬರುತ್ತೆ, ಅಪ್ಪನ ಕುಡಿತ, ಬೀದಿನಾಯಿ, ಕಾಲು ಮುರಿದುಕೊಂಡು ಇನ್ನೊಬ್ಬರ ಕೈಯಲ್ಲಿ ಸಿಕ್ಕಿಬೀಳೋದು. ಇವರ ಪುಸ್ತಕಗಳಲ್ಲೂ ಹಾಗೇ ಅಲ್ವಾ, ದೆವ್ವ ಬರೋದು ತಡವಾಗಿ, ಮನೆಯೊಳಗಿನ ಭಯ ಮೊದಲೇ ಬಂದು ಕೂತಿರುತ್ತೆ. 'ದಿ ಶೈನಿಂಗ್' (1977) ತೆಗೆದುಕೊಳ್ಳಿ. ಕುಡಿತ ಬಿಟ್ಟ ಒಬ್ಬ ಅಪ್ಪ, ಹಿಂದೆ ಸಿಟ್ಟಿನಲ್ಲಿ ಮಗನ ಕೈ ಮುರಿದವನು, ಚಳಿಗಾಲ ಪೂರ್ತಿ ಹಿಮದಲ್ಲಿ ಮುಚ್ಚಿಹೋಗುವ ಹೋಟೆಲ್ ಕಾಯಲು ಹೆಂಡತಿ ಮಗನ ಜೊತೆ ಹೋಗುತ್ತಾನೆ. ಕೆಳಗಿನ ಮಹಡಿಯಲ್ಲಿ ಒಂದು ಹಳೇ ಬಾಯ್ಲರ್. ಅದರ ಒತ್ತಡ ತಾನಾಗೇ ಏರುತ್ತಾ ಇರುತ್ತೆ, ದಿನವೂ ಮರೆಯದೆ ಇಳಿಸಬೇಕು. ದೆವ್ವಕ್ಕಿಂತ ಆ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳೇ ನನ್ನನ್ನು ಜಾಸ್ತಿ ಹೆದರಿಸಿತು. 1980ರ ಸಿನಿಮಾ ನೋಡಿದ್ದೇನೆ, ಪುಸ್ತಕ ಯಾಕೆ ಅನ್ನುವವರಿಗೆ ಒಂದು ಮಾತು. ಕಿಂಗ್‌ಗೆ ಆ ಸಿನಿಮಾ ಇಷ್ಟವಾಗಿರಲಿಲ್ಲ. ಅಲ್ಲಿ ಅಪ್ಪ ಮೊದಲ ಸೀನಿನಲ್ಲೇ ಅರೆಹುಚ್ಚನ ಹಾಗೆ ಕಾಣುತ್ತಾನೆ. ಪುಸ್ತಕದಲ್ಲಿ ಅವನು ಮಗನನ್ನು ಪ್ರೀತಿಸುವ ಮನುಷ್ಯ, ಅದಕ್ಕೇ ಕಷ್ಟ.

ಈ ಕೇಳುವ ಪದ್ಧತಿ ನನಗೆ ಬಂದಿದ್ದು ನನ್ನದೇ ಒಂದು ತಪ್ಪಿನಿಂದ. ಶುರುವಿನ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳು ಬಂದು, ಹೆಚ್ಚು ದಪ್ಪ ಇಲ್ಲದ್ದು ಕೊಡಿ, ಬೆಕ್ಕು ಗಿಕ್ಕು ಇರೋ ಕಥೆ ಆದರೆ ಒಳ್ಳೇದು ಅಂದರು. ನಾನು ಹಿಂದೆ ಮುಂದೆ ನೋಡದೆ 'ಪೆಟ್ ಸೆಮೆಟರಿ' (1983) ಕೊಟ್ಟೆ. ಬೆಕ್ಕು ಇದೆಯಲ್ಲ! ಅವರ ಮನೆ ಬಿ.ಎಚ್. ರಸ್ತೆ ಪಕ್ಕದಲ್ಲೇ ಇತ್ತು, ಮನೆಯಲ್ಲಿ ಮೂರು ವರ್ಷದ ಮಗ ಇದ್ದ. ಅದನ್ನು ನಾನು ಕೇಳಿರಲಿಲ್ಲ. ಎರಡನೇ ದಿನಕ್ಕೆ ವಾಪಸ್ ಬಂದರು. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, "ಏನ್ ಸಾರ್, ಮಗು ಇರೋ ಮನೆಗೆ ಇಂಥದ್ದು ಕೊಡ್ತೀರಾ?" ಅಂದರು. ಡೆಪಾಸಿಟ್ ಕೂಡ ಕೇಳದೆ ಹೋದರು. ಓದಿದವರಿಗೆ ಯಾಕೆ ಅಂತ ಗೊತ್ತು, ಓದದವರಿಗೆ ಇಷ್ಟೇ ಹೇಳುತ್ತೇನೆ, ಆ ಕಥೆಯಲ್ಲೂ ಮನೆ ಮುಂದೆ ಲಾರಿಗಳು ಓಡಾಡುವ ರಸ್ತೆ ಇದೆ. ಕಿಂಗ್ ಅಮೆರಿಕದ ಮೇನ್ ರಾಜ್ಯದ ಆರಿಂಗ್ಟನ್‌ನಲ್ಲಿ ಅಂಥದ್ದೇ ರಸ್ತೆ ಪಕ್ಕ ಬಾಡಿಗೆ ಮನೆಯಲ್ಲಿದ್ದರು. ಮಗಳ ಬೆಕ್ಕು ಗಾಡಿಗೆ ಸಿಕ್ಕಿ ಸತ್ತಿತು, ಪುಟ್ಟ ಮಗ ಒಂದು ಸಲ ರಸ್ತೆ ಕಡೆ ಓಡಿದ. ಅಲ್ಲಿಂದ ಹುಟ್ಟಿದ ಕಾದಂಬರಿ ಇದು. ಬರೆದು ಮುಗಿಸಿ ಅವರೇ ಇದು ಅತಿಯಾಯಿತು ಅಂತ ಪಕ್ಕಕ್ಕಿಟ್ಟಿದ್ದರು, ಪ್ರಕಾಶಕರಿಗೆ ಒಂದು ಪುಸ್ತಕ ಬಾಕಿ ಇತ್ತು ಅಂತ ಕೊಟ್ಟಿದ್ದು. ಬರೆದವರೇ ಹಿಂಜರಿದದ್ದನ್ನು ನಾನು ಹೊಸಬರ ಕೈಗೆ ಮೊದಲ ತುತ್ತು ಅಂತ ಕೊಟ್ಟಿದ್ದೆ.

ಹಾಗಾದರೆ ಯಾವುದು ಕೊಡಬೇಕು? ಇಂಗ್ಲಿಷ್ ಓದಿ ಅಷ್ಟು ರೂಢಿ ಇಲ್ಲದವರಿಗೆ ನಾನು ಕಣ್ಣುಮುಚ್ಚಿ ಕೊಡೋದು 'ಮಿಸರಿ' (1987). ಒಂದು ಮನೆ, ಇಬ್ಬರೇ ಮನುಷ್ಯರು, ಹಾಗಾಗಿ ಯಾರು ಯಾರು ಅಂತ ಹಿಂದಿನ ಪುಟ ತಿರುಗಿಸುವ ಕೆಲಸ ಇಲ್ಲ. ಕಾದಂಬರಿಕಾರ ಪಾಲ್ ಶೆಲ್ಡನ್ ಹಿಮದಲ್ಲಿ ಕಾರು ಅಪಘಾತವಾಗಿ ಎರಡೂ ಕಾಲು ಮುರಿದುಕೊಳ್ಳುತ್ತಾನೆ, ಹಿಂದೆ ನರ್ಸ್ ಆಗಿದ್ದ ಆನಿ ವಿಲ್ಕ್ಸ್ ಮನೆಗೆ ತಂದು ನೋಡಿಕೊಳ್ಳುತ್ತಾಳೆ. ಅವಳು ಅವನ ದೊಡ್ಡ ಅಭಿಮಾನಿ. ಅವನು ತನ್ನ ಸರಣಿಯ ನಾಯಕಿಯನ್ನು ಸಾಯಿಸಿಬಿಟ್ಟಿದ್ದಾನೆ ಅಂತ ಅವಳಿಗೆ ಆಮೇಲೆ ಗೊತ್ತಾಗುತ್ತೆ. ಸಾಯಿಸಿದವಳನ್ನು ಬದುಕಿಸಿ ಬರಿ ಅಂತ ಒಂದು ಹಳೇ ಟೈಪ್‌ರೈಟರ್ ತಂದುಕೊಡುತ್ತಾಳೆ, ಅದರಲ್ಲಿ 'ಎನ್' ಅಕ್ಷರದ ಕೀಲಿ ಇಲ್ಲ. ಹಾಳೆಯಲ್ಲಿ ಬಿಟ್ಟುಹೋದ ಎನ್‌ಗಳನ್ನೆಲ್ಲ ಕೈಯಲ್ಲಿ ತುಂಬಬೇಕು. ಇಷ್ಟು ಸಣ್ಣ ವಿಷಯ ಇಟ್ಟುಕೊಂಡು ಹೊಟ್ಟೆ ತೊಳಸುವ ಹಾಗೆ ಬರೆಯೋದಿದೆಯಲ್ಲ, ಅದು ಇವರ ಕೈಚಳಕ. ದೆವ್ವ ಭೂತ ಒಂದೂ ಇಲ್ಲ. ಧಾರಾವಾಹಿಯಲ್ಲಿ ನಾಯಕಿ ಸತ್ತರೆ ಪತ್ರಿಕೆಗೆ ಸಿಟ್ಟಿನ ಕಾಗದ ಬರೆಯುವ ಓದುಗರನ್ನು ಕಂಡ ನಿಮಗೆ, ಸಂಪಾದಕರೇ, ಆನಿ ಚೆನ್ನಾಗಿ ಅರ್ಥವಾಗುತ್ತಾಳೆ.

ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಮಾತ್ರ ಓದುವವರಿಗೆ 'ನೈಟ್ ಶಿಫ್ಟ್' (1978). ಸಣ್ಣ ಕಥೆಗಳು, ಒಂದು ಸರಿ ಹೋಗದಿದ್ದರೆ ಇನ್ನೊಂದು. ಮುನ್ನುಡಿಯನ್ನು ಹಾರಿಸಬೇಡಿ. ಕಾಲು ಹೊದಿಕೆ ಒಳಗೇ ಇದ್ದರೆ ಮಂಚದ ಕೆಳಗಿನದು ಹಿಡಿಯಲಾರದು ಅಂತ ಅದರಲ್ಲಿ ಬರೆದಿದ್ದಾರೆ, ಐವತ್ತು ದಾಟಿದ ನಾನು ಈಗಲೂ ಕಾಲು ಒಳಗೆಳೆದುಕೊಂಡೇ ಮಲಗೋದು. ಭಯದ ಕಥೆಯೇ ಬೇಡ ಅನ್ನುವವರಿಗೆ 'ಡಿಫರೆಂಟ್ ಸೀಸನ್ಸ್' (1982). 'ಶಾಶಾಂಕ್ ರಿಡೆಂಪ್ಷನ್' ಸಿನಿಮಾವನ್ನು ಹತ್ತು ಸಲ ನೋಡಿದವರಿಗೂ ಅದು ಈ ಪುಸ್ತಕದಲ್ಲಿರೋ, ಈ ಮನುಷ್ಯನೇ ಬರೆದ ಕಥೆ ಅಂತ ಗೊತ್ತಿರಲ್ಲ. ನಂಬದೆ ಜಗಳ ಆಡಿದವರೂ ಇದ್ದಾರೆ, ಪುಸ್ತಕ ತೆಗೆದು ತೋರಿಸಬೇಕಾಯಿತು.

ಮೊದಲ ಪುಸ್ತಕ 'ಕ್ಯಾರಿ' (1974) ಬಗ್ಗೆ ನಿಮ್ಮ ಲೇಖಕರ ಜೊತೆ ಅರ್ಧ ಒಪ್ಪುತ್ತೇನೆ. ತೆಳ್ಳಗಿದೆ, ಬೇಗ ಮುಗಿಯುತ್ತೆ. ಸ್ಕೂಲಲ್ಲಿ ಎಲ್ಲರ ಗೇಲಿಗೆ ಸಿಕ್ಕ ಹುಡುಗಿಯ ಕಥೆ. ಬರೆದ ಮೊದಲ ಹಾಳೆಗಳನ್ನು ಅವರು ಕಸದ ಬುಟ್ಟಿಗೆ ಹಾಕಿದ್ದರು, ಹೆಂಡತಿ ಟ್ಯಾಬಿತಾ ಎತ್ತಿಟ್ಟು ಮುಂದೆ ಬರೆಯಿರಿ ಅಂದರು. ಕೈಗೆ ಬಂದ ಮುಂಗಡ 2,500 ಡಾಲರ್, ಆಮೇಲೆ ಪೇಪರ್‌ಬ್ಯಾಕ್ ಹಕ್ಕು ಹೋಗಿದ್ದು 4 ಲಕ್ಷ ಡಾಲರ್‌ಗೆ. ಆದರೂ ಮಧ್ಯೆ ಮಧ್ಯೆ ಪತ್ರಿಕೆ ತುಣುಕು, ವರದಿ ಅಂತ ಸೇರಿಸಿದ್ದಾರೆ, ಕಥೆಯ ಓಟಕ್ಕೆ ಅಲ್ಲಲ್ಲಿ ಕಲ್ಲು ಸಿಗುತ್ತೆ. ಕಾಲೇಜು ಮಕ್ಕಳಿಗೆ ಕೊಡಬಹುದು, ಅವರಿಗೆ ಆ ಗೇಲಿ ಇನ್ನೂ ಹಸಿಯಾಗಿರುತ್ತೆ.

'ದಿ ಸ್ಟ್ಯಾಂಡ್' ಅನ್ನೂ ನಿಮ್ಮ ಬರಹದಲ್ಲಿ ಹೊಗಳಿದ್ದಾರೆ, ಆದರೆ ಅದು ಎರಡು ಥರ ಸಿಗುತ್ತೆ ಅಂತ ಹೇಳಿಲ್ಲ. 1978ರಲ್ಲಿ ಬಂದಿದ್ದು ಕತ್ತರಿಸಿದ್ದು, 1990ರಲ್ಲಿ ಬಂದಿದ್ದು ಕತ್ತರಿಸಿದ್ದನ್ನೆಲ್ಲ ಸೇರಿಸಿದ್ದು, ಅದೂ ಸಾವಿರ ಪುಟ ದಾಟುತ್ತೆ. ಈಗ ಅಂಗಡಿಗಳಲ್ಲಿ ಸಿಗೋದು ಹೆಚ್ಚಾಗಿ ಆ ದಪ್ಪದ್ದೇ. ಮುಂದಿನ ವಾರ ಒಂದು ಸಾಲು ಹಾಕಿದರೆ ಪುಸ್ತಕ ಕೊಳ್ಳುವವರಿಗೆ ಅನುಕೂಲ. ಅಂಗಡಿ ಬಾಗಿಲು ತೆಗೆಯೋ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ ನಿಮ್ಮ ಓದುಗ,
ಶಿವಮೊಗ್ಗ