ಲಂಡನ್ ವಿಮಾನ: ಗಂಟೆಗಳ ಲೆಕ್ಕ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಲಂಡನ್ನಿಗೆ ಹೊರಡುವ ಮೈಸೂರಿನ ಹಿರಿಯರು ಬಹಳ. ಬೆಂಗಳೂರಿನಿಂದ ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 7.30ಕ್ಕೆ ತಲುಪುವುದೆಂದು ಟಿಕೆಟ್‌ನಲ್ಲಿದ್ದರೆ ಪ್ರಯಾಣ ಆರೂವರೆ ಗಂಟೆಯಲ್ಲ, 11 ಗಂಟೆ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ, ಉಳಿದ ತಿಂಗಳುಗಳಲ್ಲಿ ಐದೂವರೆ ಗಂಟೆ ಕೂಡಿಸಬೇಕು. ಬರುವಾಗ ಅಷ್ಟೇ ಕಳೆಯಬೇಕು.

ನೇರ ದೂರ ಸುಮಾರು 8,000 ಕಿ.ಮೀ. ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಹಾಗಾಗಿ ವಾಪಸು ಪ್ರಯಾಣ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಬಹಳ ಮುಖ್ಯ. ವೈದ್ಯರಿಗೆ ಟಿಕೆಟ್ ಸಮಯವನ್ನಲ್ಲ, ನಿಜವಾದ ಗಂಟೆಗಳನ್ನು ಹೇಳಿ ಡೋಸ್ ಕೇಳಿಕೊಳ್ಳಬೇಕು. ಔಷಧಿ, ಚೀಟಿ ಎರಡೂ ಕೈಚೀಲದಲ್ಲೇ ಇರಬೇಕು. ಲಗೇಜಿಗೆ ಹಾಕಿದರೆ ದಾರಿಯಲ್ಲಿ ಸಿಗುವುದಿಲ್ಲ, ಇನ್ಸುಲಿನ್ ಚಳಿಗೆ ಕೆಡಲೂಬಹುದು.

ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 180 ಕಿ.ಮೀ. ದಶಪಥ ಬಂದ ಮೇಲೂ ಬೆಂಗಳೂರು ದಾಟುವುದೇ ಕಷ್ಟ. ನಾಲ್ಕೂವರೆ ಗಂಟೆ ಇಟ್ಟುಕೊಂಡು, ವಿಮಾನಕ್ಕೆ ಮೂರು ಗಂಟೆ ಮೊದಲು ತಲುಪಬೇಕೆಂದರೆ 1 ಗಂಟೆಯ ವಿಮಾನಕ್ಕೆ ಬೆಳಿಗ್ಗೆ 5.30ಕ್ಕೇ ಮನೆ ಬಿಡಬೇಕು.

ಟಿಕೆಟ್ ಮಾಡಿಕೊಡುವ ಟ್ರಾವೆಲ್ ಏಜೆನ್ಸಿಯವರು ಒಟ್ಟು ಗಂಟೆಗಳನ್ನು ಕನ್ನಡದಲ್ಲಿ ಬರೆದುಕೊಡಲಿ.

– ಓದುಗ, ಕುವೆಂಪುನಗರ, ಮೈಸೂರು