ಒಂದು ಗೊರಸು ಪೂರ್ತಿ ಬೆಳೆಯುವವರೆಗೆ ಜೊತೆಗಿದ್ದವರಿಗೆ

ಕಳೆದ ಭಾನುವಾರ ಬೆಳಿಗ್ಗೆ ಬೀದರಿನ ನಮ್ಮ ಮನೆಯಂಗಳದಲ್ಲಿ ಲಾಳ ಕಟ್ಟುವ ನಾಲಬಂದರು ನಮ್ಮ ಕುದುರೆ ಚಂದ್ರಿಯ ಬಲ ಮುಂಗಾಲನ್ನು ತಮ್ಮ ಮೊಣಕಾಲುಗಳ ನಡುವೆ ಹಿಡಿದು ಗೊರಸಿನ ತುದಿಯನ್ನು ಕತ್ತರಿಸಿದಾಗ, ಕಾಯಿಲೆಯ ಗುರುತಾಗಿ ಮೂಡಿ ಒಂದು ವರ್ಷದಿಂದ ಇಷ್ಟಿಷ್ಟೇ ಕೆಳಗಿಳಿಯುತ್ತ ಬಂದಿದ್ದ ಉಬ್ಬುಗೆರೆಯ ಕೊನೆಯ ಚೂರು ನೆಲಕ್ಕೆ ಬಿತ್ತು. ನನ್ನ ಮಗ ಅದನ್ನು ಎತ್ತಿಕೊಂಡು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಅರ್ಧ ಗಂಟೆಯ ನಂತರ ಮಾವನವರು ಟಾಂಗಾ ಹೂಡಲು ಹೇಳಿದರು, ನಾವು ಅಷ್ಟೂರಿನ ದಾರಿಯಲ್ಲಿ ಚೌಖಂಡಿ ಗೋರಿಯವರೆಗೆ ಹೋಗಿಬಂದೆವು. ಈ ಒಂದು ವರ್ಷ ನಮ್ಮ ಜೊತೆಗೆ ನಿಂತವರಿಗೆ ಒಬ್ಬೊಬ್ಬರಾಗಿ ಕೃತಜ್ಞತೆ ಹೇಳಿದ್ದೇನಾದರೂ, ಊರ ಮುಂದೆ ಹೇಳಬೇಕಾದದ್ದು ಬಾಕಿ ಉಳಿದಿದೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾವನವರು ಹರೆಯದಲ್ಲಿ ಬೀದರ್ ರೈಲು ನಿಲ್ದಾಣದಿಂದ ಹಳೆಯ ಊರಿನ ನಡುವಿನ ಚೌಬಾರ ಗೋಪುರದವರೆಗೆ ಟಾಂಗಾ ಓಡಿಸಿ ಸಂಸಾರ ಸಾಗಿಸಿದವರು. ಆಟೋಗಳು ಬಂದ ಮೇಲೆ ಕುದುರೆಯನ್ನು ಮಾರಿದರೂ ಗಾಡಿಯನ್ನು ಮಾರಲು ಒಪ್ಪಿರಲಿಲ್ಲ. ನಾಂದೇಡ್ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆಯ ವೇಳೆ ಸೇರುವ ಕುದುರೆ ಸಂತೆಗೆ ಆರು ವರ್ಷಗಳ ಹಿಂದೆ ನೋಡಿಬರುತ್ತೇನೆಂದಷ್ಟೇ ಹೇಳಿ ಹೋದವರು, ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕಂದು ಬಣ್ಣದ ಹೆಣ್ಣುಕುದುರೆಯೊಂದನ್ನು ಹಿಡಿದುಕೊಂಡು ಬಂದರು. ಅದು ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ತಳಿಯದೆಂದು ಅವರ ಹಟ. ಬಂದು ನೋಡಿದ ಯಾವ ಪಶುವೈದ್ಯರೂ ಈ ಮಾತಿಗೆ ಹೌದೆಂದೂ ಅಂದಿಲ್ಲ, ಅಲ್ಲವೆಂದೂ ಅಂದಿಲ್ಲ. ಚಂದ್ರಿ ಬಂದ ಮೇಲೆ ಮಗಳು ಸವಾರಿ ಕಲಿತಳು, ನಾನು ಲಗಾಮು ಹಿಡಿಯುವುದನ್ನು ಕಲಿತೆ. ಎರಡು ಗಾಲಿಯ ಗಾಡಿಯಲ್ಲಿ ಜನ ಹಿಂದಕ್ಕೆ ಕುಳಿತರೆ ಮುಂಭಾಗ ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಎಳೆಯುತ್ತದೆ, ಮುಂದಕ್ಕೆ ಕುಳಿತರೆ ಅದರ ಬೆನ್ನಿನ ಮೇಲೆ ಭಾರ ಬೀಳುತ್ತದೆ ಎಂಬುದನ್ನು ಮಾವನವರು ಪಾಠದಂತೆ ಹೇಳದೆ, ನನ್ನ ಯಜಮಾನರನ್ನು ಸೀಟಿನ ಮೇಲೆ ಹಿಂದೆ ಮುಂದೆ ಸರಿಸಿ ತೋರಿಸಿಯೇ ಕಲಿಸಿದರು. ಬ್ಯಾಂಕಿನಲ್ಲಿ ದುಡಿಯುವ ಯಜಮಾನರಿಗೆ ಕುದುರೆಯೆಂದರೆ ಭಯ. ಆಗ ಅವರ ಪಾಲಿಗಿದ್ದದ್ದು ಹೀಗೆ ತೂಕದ ಕಲ್ಲಾಗುವ ಕೆಲಸವೊಂದೇ.

ಕಳೆದ ವರ್ಷ ಶಿವರಾತ್ರಿಯ ಮರುದಿನ ತವರಿನ ಹೊಲದಿಂದ ಹೊಸ ಕಡಲೆಯ ಚೀಲ ಬಂದಿತ್ತು. ಅದನ್ನು ಲಾಯದ ಪಕ್ಕದ ಕೋಣೆಯಲ್ಲಿ ಇಳಿಸಿ ಬಾಗಿಲಿಗೆ ಅಗಳಿ ಹಾಕದೆ ಬಂದವಳು ನಾನೇ. ರಾತ್ರಿ ಹನ್ನೊಂದರ ಹೊತ್ತಿಗೆ ಸದ್ದು ಕೇಳಿ ಹೋಗಿ ನೋಡಿದಾಗ ಚೀಲ ಅರ್ಧ ಬರಿದಾಗಿತ್ತು. ಚಂದ್ರಿ ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆ ಮತ್ತೆ ತನ್ನ ಹೊಟ್ಟೆಯ ಕಡೆಗೆ ತಿರುಗಿ ನೋಡುತ್ತ ಬೆವರುತ್ತಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ತಿಂದದ್ದು ಎಷ್ಟೇ ಹೆಚ್ಚಾದರೂ ಮುಂದಕ್ಕೇ ಹೋಗಬೇಕು ಎಂಬುದು ನನಗೆ ತಿಳಿದದ್ದು ಆ ರಾತ್ರಿ.

ಫೋನು ಮಾಡಿದ ನಲವತ್ತು ನಿಮಿಷಗಳಲ್ಲಿ ಬಂದ ಪಶುವೈದ್ಯರಿಗೆ ನನ್ನ ಮೊದಲ ನಮಸ್ಕಾರ. ಅವರು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ತೊಳೆದು, ಲಿಕ್ವಿಡ್ ಪ್ಯಾರಾಫಿನ್ ಹಾಕಿ, ನೋವಿಗೆ ಚುಚ್ಚುಮದ್ದು ಕೊಟ್ಟು, ಬೆಳಗಿನ ನಾಲ್ಕರವರೆಗೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದರು. ಹೊಟ್ಟೆಯ ಗಂಡಾಂತರ ಕಳೆದರೂ ಕಾಲಿನದು ಇನ್ನು ಬರಬಹುದೆಂದು ಆಗಲೇ ಎಚ್ಚರಿಸಿದವರೂ ಅವರೇ. ಕಾಳು ಅತಿಯಾದಾಗ ಕರುಳಿನಲ್ಲಿ ಹುಟ್ಟುವ ವಿಷ ರಕ್ತಕ್ಕೆ ಸೇರಿ, ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ಇರುವ ಹಿಡಿತ ಸಡಿಲಾಗುವಂಥ ಉರಿಯೂತ ಬರಬಹುದೆಂದೂ, ನೋವು ಕಾಣಿಸುವುದಕ್ಕೆ ಮೊದಲೇ ಮೂರು ದಿನ ಕಾಲುಗಳನ್ನು ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟರೆ ಹಾನಿ ಕಡಿಮೆಯಾಗಬಹುದೆಂದೂ ಅವರು ವಿವರಿಸಿದರು.

ಬೆಳಗಿನ ನಾಲ್ಕಕ್ಕೆ ಬರ್ಫು ಎಲ್ಲಿ ಸಿಗುತ್ತದೆ? ನಮ್ಮ ಹಿಂದಿನ ಗಲ್ಲಿಯ ಮೀನಿನ ವ್ಯಾಪಾರಿ ಚಾಚಾ ಆ ದಿನದ ಮೀನಿಗೆಂದು ತರಿಸಿದ್ದ ಬರ್ಫಿನಲ್ಲಿ ಅರ್ಧವನ್ನು ಕೈಗಾಡಿಯಲ್ಲಿ ಹೇರಿಕೊಂಡು ತಾವೇ ತಳ್ಳಿಕೊಂಡು ಬಂದರು. ಮೂರು ದಿನವೂ ಬಂದರು. ಎಷ್ಟು ಕೊಡಬೇಕೆಂದು ಕೇಳಿದಾಗ, ಮೀನಿಗೆ ನೋವು ಗೊತ್ತಾಗುವುದಿಲ್ಲ, ಕುದುರೆಗೆ ಗೊತ್ತಾಗುತ್ತದೆ ಎಂದು ಹೇಳಿ ಹೊರಟುಹೋದರು. ಕಾಲಿಗೆ ಮೆತ್ತನೆಯ ನೆಲ ಬೇಕೆಂದಾಗ ಬಡಿಗರ ಅಂಗಡಿಯವರು ಮರದ ಹೊಟ್ಟಿನ ಚೀಲಗಳನ್ನು ತಂದು ಲಾಯಕ್ಕೆ ಸುರಿದರು. ಹೀಗಿದ್ದೂ ಮೂರನೆಯ ದಿನ ಚಂದ್ರಿ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ ನಿಂತಿದ್ದನ್ನು ಕಂಡ ಮಾವನವರು ಒಂದು ಮಾತೂ ಆಡದೆ ಒಳಗೆ ಹೋಗಿ ಮಲಗಿಬಿಟ್ಟರು.

ಎಕ್ಸ್‌ರೇಯಲ್ಲಿ ಎಲುಬು ಹೆಚ್ಚು ಜರುಗಿಲ್ಲವೆಂದು ತಿಳಿಯಿತು. ಆದರೆ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲವಾದ್ದರಿಂದ, ಕೆಟ್ಟ ಭಾಗ ಪೂರ್ತಿ ಕೆಳಗಿಳಿದು ಕತ್ತರಿಸಿ ಹೋಗಲು ಸುಮಾರು ಒಂದು ವರ್ಷ ಬೇಕಾಗುತ್ತಿತ್ತು. ಆ ವಾರವೇ ದಲ್ಲಾಳಿಯೊಬ್ಬರು ಬಂದರು. ಹಿತೈಷಿಗಳೂ ಬಂದು, ದುಡಿಯದ ಕುದುರೆಗೆ ಹುಲ್ಲು ಹಾಕುವುದು ನೌಕರಿಯವರಿಗೆ ಆಗದ ಮಾತೆಂದು ಹೇಳಿದರು. ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಾವನವರು ಹಾಸಿಗೆಯಿಂದಲೇ, ‘ಒಂದು ಗೊರಸು ಪೂರಾ ಬೆಳೀಲಿ ತಡೀರಿ, ಆಮ್ಯಾಗ ಮಾರೋ ಮಾತು’ ಎಂದರು.

ನಾಲಬಂದರ ಬಗ್ಗೆ ವಿಶೇಷವಾಗಿ ಬರೆಯಬೇಕು. ಐದು ವಾರಕ್ಕೊಮ್ಮೆ ತಪ್ಪದೆ ಬಂದು ವೈದ್ಯರು ತೋರಿಸಿದ ಅಳತೆಗೆ ಗೊರಸಿನ ತುದಿಯನ್ನು ತರಿದರು. ಕೂಲಿಯನ್ನು ಬಿಡಲಿಲ್ಲ, ಬಿಡಬೇಕೆಂದು ನಾವೂ ಬಯಸಲಿಲ್ಲ. ಆದರೆ ಈ ಕಾಲಿಗೆ ಸದ್ಯ ಲಾಳ ಬೇಡ, ಮೊಳೆಯೇ ಬೇಡ ಎಂದು, ತಮಗೆ ಬರಬಹುದಾಗಿದ್ದ ಹೆಚ್ಚಿನ ಸಂಪಾದನೆಯನ್ನು ಪ್ರತಿ ಸಲವೂ ತಾವೇ ಕೈಬಿಟ್ಟವರು ಅವರು. ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಇಬ್ಬರು ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಬಂದು, ಗೊರಸಿನ ಮೇಲಿನ ಕೀಲಿನ ಹಿಂಬದಿಯಲ್ಲಿ ನಾಡಿ ಹಿಡಿದು ನೋಡುವುದನ್ನು ನಮ್ಮ ಮಕ್ಕಳಿಗೆ ಕಲಿಸಿದರು; ಆ ನಾಡಿ ಜೋರಾಗಿ ಹೊಡೆದುಕೊಂಡು ಗೊರಸು ಬಿಸಿಯಾಗಿದ್ದರೆ ಉರಿಯೂತ ಮರಳುತ್ತಿದೆ ಎಂದರ್ಥ. ಮಗ ದಿನವೂ ಶಾಲೆಗೆ ಹೋಗುವ ಮೊದಲು ನಾಡಿ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದ. ಹುಲ್ಲಿನ ಸಕ್ಕರೆಯ ಅಂಶ ಇಳಿಯಲೆಂದು ಅದನ್ನು ನೀರಿನಲ್ಲಿ ನೆನೆಸಿ, ಬಸಿದು, ತೂಗಿ ಹಾಕುವ ಕೆಲಸ ಯಜಮಾನರದಾಯಿತು. ಭಯ ಯಾವಾಗ ಹೋಯಿತೆಂದು ಅವರಿಗೇ ಗೊತ್ತಿಲ್ಲ. ಈಗ ಚಂದ್ರಿ ಅವರ ಸ್ಕೂಟರಿನ ಸದ್ದಿಗೆ ಕೆನೆಯುತ್ತದೆ, ನನ್ನ ದನಿಗೆ ಕಿವಿಯನ್ನೂ ತಿರುಗಿಸುವುದಿಲ್ಲ.

ಸವಾರಿಯಿಲ್ಲದ ಸಂಜೆಗಳಲ್ಲಿ ಮಗಳು ಲಾಯದ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದಳು. 15ನೇ ಶತಮಾನದಲ್ಲಿ ಮಾರಾಟಕ್ಕೆಂದು ಕುದುರೆಯೊಂದನ್ನು ಹಡಗಿನಲ್ಲಿ ತಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಕೊನೆಗೆ ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿ ಎಂಬುದನ್ನೂ, ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿದ್ದನ್ನೂ ಅವಳೇ ನಮಗೆ ಓದಿ ಹೇಳಿದಳು. ಇಲ್ಲಿನ ಕುದುರೆಗಳಿಗೆ ಕಡಲೆಯನ್ನು ತಿನ್ನಿಸುತ್ತಾರೆ ಎಂದೂ ಅವನು ಬರೆದಿದ್ದಾನಂತೆ. ‘ಅಮ್ಮಾ, ಚಂದ್ರಿ ತಪ್ಪೇನೂ ಮಾಡಿಲ್ಲ, ಬೀದರಿನ ಪದ್ಧತಿಯನ್ನೇ ಪಾಲಿಸಿದ್ದಾಳೆ’ ಎಂದು ಅವಳು ಹೇಳಿದಾಗ, ಅಗಳಿಯ ವಿಷಯದಲ್ಲಿ ಅಷ್ಟು ದಿನವೂ ನಗಲಾಗದಿದ್ದ ನಾನು ಮೊದಲ ಬಾರಿಗೆ ನಕ್ಕೆ. ನನ್ನ ಶಾಲೆಯ ಸಹೋದ್ಯೋಗಿಗಳು ಆ ಮೊದಲ ವಾರ ನನ್ನ ತರಗತಿಗಳನ್ನು ತಮ್ಮಲ್ಲೇ ಹಂಚಿಕೊಂಡದ್ದನ್ನೂ ನಾನು ಮರೆತಿಲ್ಲ.

ಚೌಖಂಡಿಯ ದಾರಿಯಲ್ಲಿ ಡಾಂಬರನ್ನು ಬಿಟ್ಟು ಪಕ್ಕದ ಕೆಮ್ಮಣ್ಣಿನ ಮೇಲೆಯೇ ಗಾಡಿಯನ್ನು ನಡೆಸಿದೆವು. ಲಗಾಮು ಹಿಡಿದವರು ಮಾವನವರು. ಹೋಗುವಾಗ ಬರೀ ನಡಿಗೆ. ಬರುವಾಗ ಅವರು ಹೇಳದಿದ್ದರೂ ಚಂದ್ರಿಯೇ ಹತ್ತಿಪ್ಪತ್ತು ಹೆಜ್ಜೆ ಓಡಿತು, ಅವರು ಮೆಲ್ಲಗೆ ತಡೆದರು. ಮಗಳು ಜೀನು ಹಾಕಿ ಏರಲು ಇನ್ನೂ ಎರಡು ತಿಂಗಳು ಕಾಯಬೇಕೆಂದು ವೈದ್ಯರು ಹೇಳಿದ್ದಾರೆ. ಅವಳು ದಿನ ಎಣಿಸುತ್ತಿದ್ದಾಳೆ.

ಯುಗಾದಿಯ ನಂತರದ ಭಾನುವಾರಗಳಂದು ಬೆಳಿಗ್ಗೆ ಆರೂವರೆಗೆ, ಬಿಸಿಲು ಏರುವ ಮೊದಲು, ನಮ್ಮ ಟಾಂಗಾ ಮನೆಯ ಮುಂದೆ ಹೂಡಿ ನಿಂತಿರುತ್ತದೆ. ಚಂದ್ರಿಯ ಮೇಲೆ ಸದ್ಯಕ್ಕೆ ಹೆಚ್ಚು ಭಾರ ಹೊರಿಸುವಂತಿಲ್ಲವಾದ್ದರಿಂದ ಒಂದು ಸಲಕ್ಕೆ ಇಬ್ಬರನ್ನು ಮಾತ್ರ ಕೂರಿಸಿಕೊಳ್ಳಲು ಸಾಧ್ಯ. ಮೊದಲ ಭಾನುವಾರ ಚಾಚಾ ಮತ್ತು ಡಾಕ್ಟರು ಬರಬೇಕೆಂದು ಮಾವನವರು ಹೇಳಿ ಕಳುಹಿಸಿದ್ದಾರೆ. ಉಳಿದವರು ದಯವಿಟ್ಟು ಮುಂಚಿತವಾಗಿ ತಿಳಿಸಿ ಬನ್ನಿ, ಕೈಯಲ್ಲಿ ಮಾತ್ರ ಕಡಲೆ ತರಬೇಡಿ.